ರೇಡಿಯೋದ ಕಿವಿ, ಕಿವಿಯ ಬೇರು

ಅಪ್ಪನ ಪ್ಲೇಯರ್ ಮೂರನೇ ಸಲ ಕೈಕೊಟ್ಟಾಗ ಅದನ್ನು ಹಿಡಿದುಕೊಂಡು ತುಮಕೂರಿನ ಮಂಡಿಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿ ಅನ್ನುವುದು ದೊಡ್ಡ ಮಾತು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಮೇಜು, ಒಂದು ಟೇಬಲ್ ಲೈಟು, ಸೋಲ್ಡರ್ ಪೇಸ್ಟಿನ ಹೊಗೆ, ಅಷ್ಟೆ. ಅಪ್ಪ ಅದನ್ನು ರೇಡಿಯೋ ಅಂತಲೇ ಕರೆಯುತ್ತಾರೆ. ಎಫ್‌ಎಂ ಹಿಡಿಯುತ್ತದೆ, ಮೆಮೊರಿ ಕಾರ್ಡ್ ಹಾಕಿದರೆ ಹಾಡು ಹೇಳುತ್ತದೆ, ಅಂಗೈಯಲ್ಲಿ ಕೂರುತ್ತದೆ. ರೋಗ ಇಷ್ಟೇ: ಬದಿಯಲ್ಲಿರುವ ವಾಲ್ಯೂಮ್ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದರೆ ಇಯರ್‌ಫೋನಿನ ಎಡಗಡೆ ಸತ್ತುಹೋಗುತ್ತಿತ್ತು, ಬೆರಳು ತೆಗೆದರೆ ಜೀವ ಬರುತ್ತಿತ್ತು.

"ವಾಲ್ಯೂಮಿನ ತಿರುಪು ಹೋಗಿದೆ, ಬೇರೆ ಹಾಕಿಬಿಡಿ" ಅಂದೆ. ಅಂಗಡಿಯವರು ನಾಲ್ಕು ಸ್ಕ್ರೂ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೋರ್ಡನ್ನು ಲೈಟಿಗೆ ಓರೆಯಾಗಿ ಹಿಡಿದರು. "ಕಿವಿಗೆ ಏನೂ ಆಗಿಲ್ಲ ಕಣ್ ಸಾರ್. ಬೇರು ಕಿತ್ತೋಗೈತೆ, ನೋಡಿ."

ನೋಡಿದೆ. ಚಕ್ರದ ಕೆಳಗಿನ ಕಾಲುಗಳಲ್ಲಿ ಒಂದರ ಸುತ್ತ, ಹೊಳೆಯುವ ಬೆಸುಗೆಯ ಗುಡ್ಡೆಯ ಮೇಲೆ, ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಉಂಗುರ. ಅವರು ಚಕ್ರವನ್ನು ಉಗುರಿನಿಂದ ಮೆಲ್ಲಗೆ ಅದುಮಿದಾಗ ಆ ಉಂಗುರ ಬಾಯಿ ಬಿಟ್ಟು ಮುಚ್ಚಿಕೊಂಡಿತು. ಇದಕ್ಕೆ ರಿಪೇರಿಯವರ ಬಾಯಲ್ಲಿ ಡ್ರೈ ಸೋಲ್ಡರ್ ಅಂತ ಹೆಸರು. ಹೊರಗೆ ಕಾಣುವ ಚಕ್ರ, ಒಳಗಿನ ಯಂತ್ರ ಎರಡೂ ಸರಿಯಿದ್ದು, ಅವನ್ನು ನೆಲಕ್ಕೆ ಹಿಡಿದಿಡುವ ಜಾಗ ಮಾತ್ರ ಬಿಟ್ಟಿತ್ತು.

ನಮ್ಮ ಕಡೆ ರೇಡಿಯೋದ ತಿರುಪಿಗೆ ಕಿವಿ ಅನ್ನುತ್ತಾರೆ. ಸೌಂಡ್ ಕಡಿಮೆ ಮಾಡು ಅನ್ನುವ ಬದಲು "ಅದರ ಕಿವಿ ಸ್ವಲ್ಪ ಹಿಂಡೋ" ಅಂತ ಅಜ್ಜಿ ಹೇಳುತ್ತಿದ್ದರು. ಹಿಂಡಿಸಿಕೊಂಡ ಕಿವಿಯ ನೋವು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೇಷ್ಟರ ಕೈಗೆ ಸಿಕ್ಕಿದ್ದ ಯಾರಿಗಾದರೂ ಗೊತ್ತು: ಹಿಡಿದ ಜಾಗಕ್ಕಲ್ಲ, ಬುಡಕ್ಕೆ. ಕೈಯಲ್ಲಿ ಹಿಡಿದು ತಿರುಗುವ ಪ್ಲೇಯರುಗಳ ತಿರುಪು ಎಷ್ಟು ದಿನ ಬಾಳುತ್ತದೆ ಅನ್ನುವುದೂ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಬುಡಕ್ಕೆ ಹೋಗುವ ಮೊದಲು ತಿರುಪು ಮಾಡುವ ಕೆಲಸ ಏನು ಅಂತ ಒಮ್ಮೆ ಬಿಚ್ಚಿ ನೋಡೋಣ.

ಹಳೆಯ ಬಗೆಯ ವಾಲ್ಯೂಮ್ ಕಂಟ್ರೋಲಿನ ಒಳಗೆ ಇರುವುದು ಕುದುರೆ ಲಾಳದ ಆಕಾರದ ಒಂದು ಕಪ್ಪು ಪಟ್ಟೆ. ಗಟ್ಟಿ ಹಾಳೆಯ ಮೇಲೆ ಕಾರ್ಬನ್ ಮಸಿ ಬಳಿದು ಸುಟ್ಟು ಮಾಡಿದ್ದು. ಪಟ್ಟೆಯ ಎರಡು ತುದಿಗೆ ಎರಡು ಕಾಲು. ಮೂರನೇ ಕಾಲು ನಡುವೆ ಜಾರುವ ಒಂದು ಲೋಹದ ನಾಲಿಗೆಗೆ ಸೇರಿದ್ದು. ನಾವು ತಿರುಪು ತಿರುಗಿಸಿದಾಗ ಈ ನಾಲಿಗೆ ಪಟ್ಟೆಯನ್ನು ನೆಕ್ಕುತ್ತಾ ಸರಿಯುತ್ತದೆ. ಇದಕ್ಕೆ ಪೊಟೆನ್ಶಿಯೋಮೀಟರ್ ಅಂತ ಉದ್ದದ ಹೆಸರಿದೆ. ಅಂಗಡಿಯಲ್ಲಿ ಬರೀ ಕಂಟ್ರೋಲ್.

ಇದನ್ನು ನಲ್ಲಿಯ ಹಾಗೆ, ತಿರುಗಿಸಿದಷ್ಟೂ ಹೆಚ್ಚು ಬಿಡುವ ಯಂತ್ರ ಅಂದುಕೊಳ್ಳುವುದುಂಟು. ಅದಕ್ಕಿಂತ ನಮ್ಮೂರ ಅಮಾನಿಕೆರೆಯ ಏರಿಯಿಂದ ಕೆಳಗಿಳಿಯುವ ಇಳಿಜಾರು ಅಂದುಕೊಂಡರೆ ಸರಿಹೋಗುತ್ತದೆ. ಏರಿಯ ಮೇಲ್ತುದಿಯಲ್ಲಿ ಹಾಡಿನ ಪೂರ್ತಿ ಎತ್ತರ, ಬುಡದಲ್ಲಿ ಸೊನ್ನೆ. ನಾಲಿಗೆ ಇಳಿಜಾರಿನ ಯಾವ ಜಾಗದಲ್ಲಿ ನಿಂತಿದೆಯೋ ಅಲ್ಲಿನ ಎತ್ತರ ಎಷ್ಟೋ ಅಷ್ಟು ಹಾಡು ಮುಂದಕ್ಕೆ ಹೋಗುತ್ತದೆ. ಕರೆಂಟಿಲ್ಲದಿದ್ದರೂ, ಸೆಲ್ ತೆಗೆದಿಟ್ಟಿದ್ದರೂ ನಾಲಿಗೆ ನಿಂತ ಜಾಗದಲ್ಲೇ ನಿಂತಿರುತ್ತದೆ. ನಿನ್ನೆ ರಾತ್ರಿ ಎಲ್ಲಿ ಬಿಟ್ಟಿರೋ ಬೆಳಗ್ಗೆ ಅಲ್ಲಿಂದಲೇ ಹಾಡು ಶುರು.

ಇಳಿಜಾರು ಒಂದೇ ಸಮ ಇದ್ದರೆ ಮಾತ್ರ ಕೆಲಸ ಕೆಡುತ್ತದೆ. ನಮ್ಮ ಕಿವಿ ಕೂಡಿಸಿ ಲೆಕ್ಕ ಹಾಕುವುದಿಲ್ಲ, ಗುಣಿಸಿ ಹಾಕುತ್ತದೆ. ಸದ್ದು ಎರಡರಷ್ಟು ಜೋರಾಯಿತು ಅಂತ ನಮಗೆ ಅನ್ನಿಸಬೇಕಾದರೆ ಸ್ಪೀಕರಿಗೆ ಹೋಗುವ ಶಕ್ತಿ ಹೆಚ್ಚುಕಡಿಮೆ ಹತ್ತರಷ್ಟು ಆಗಬೇಕು. ಸದ್ದು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ 10. ಸಮ ಇಳಿಜಾರಿನ ಕಂಟ್ರೋಲಿನಲ್ಲಿ ತಿರುಪನ್ನು ಅರ್ಧಕ್ಕೆ ತಂದರೂ ಇಳಿಯುವುದು 6 ಡೆಸಿಬೆಲ್ ಮಾತ್ರ. ಹತ್ತನೇ ಒಂದು ಭಾಗಕ್ಕೆ ತಂದಾಗ 20. ಅಂದರೆ ಪಿಸುಮಾತಿನಿಂದ ಕೇಳುವ ಮಟ್ಟಕ್ಕೆ ಬರುವ ಇಡೀ ಆಟ ತಿರುಪಿನ ಮೊದಲ ಚೂರು ದಾರಿಯೊಳಗೇ ಮುಗಿದು, ಉಳಿದ ದಾರಿಯಲ್ಲಿ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ ಅನ್ನುವ ಹಾಗಾಗುತ್ತದೆ. ಅದಕ್ಕೇ ಹಾಡಿನ ಕಂಟ್ರೋಲಿಗೆ ಬೇಕೆಂದೇ ವಕ್ರ ಪಟ್ಟೆ ಹಾಕುತ್ತಾರೆ: ಅರ್ಧ ದಾರಿ ಬಂದಾಗ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕೊಂಚ ಹೆಚ್ಚು ಹಾಡನ್ನಷ್ಟೇ ಬಿಡುವ ಪಟ್ಟೆ. ಲಾಗ್ ಕಂಟ್ರೋಲ್ ಅಂದರೆ ಇದೇ. ನಮ್ಮ ಪೇಟೆಗೆ ಜಪಾನ್, ಚೀನಾ ಕಡೆಯಿಂದ ಬರುವ ಕಂಟ್ರೋಲುಗಳ ಬೆನ್ನ ಮೇಲೆ ಅಂಕಿಯ ಪಕ್ಕ 'ಎ' ಅಂತಿದ್ದರೆ ಲಾಗ್, 'ಬಿ' ಅಂತಿದ್ದರೆ ಸಮ. ಯೂರೋಪಿನ ಕೆಲವು ಹಳೆಯ ಸೆಟ್ಟುಗಳಲ್ಲಿ ಇದು ತಿರುಗುಮುರುಗು.

ರಿಪೇರಿಯಾಗಿ ಬಂದ ಸೆಟ್ಟು ಸ್ವಲ್ಪ ತಿರುಗಿಸಿದರೆ ಸಾಕು ಕಿರುಚುತ್ತದೆ ಅಂತ ಗೊಣಗುವವರನ್ನು ನೀವೂ ನೋಡಿರಬಹುದು. ಎಷ್ಟೋ ಸಲ ಕಾರಣ ಇದೇ. ಬೇಕಾದ ಕಂಟ್ರೋಲ್ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರುವವರೆಗೆ ಕಾಯುವ ತಾಳ್ಮೆ ಗಿರಾಕಿಗೂ ಇಲ್ಲ, ಅಂಗಡಿಯವರಿಗೂ ಇಲ್ಲ. ಡಬ್ಬಿಯಲ್ಲಿ ಸಿಕ್ಕ 'ಬಿ' ಒಳಗೆ ಹೋಗಿರುತ್ತದೆ. ಅಂಕಿ ಸರಿ, ಕಾಲು ಸರಿ, ವಕ್ರ ಮಾತ್ರ ಇಲ್ಲ.

ಇನ್ನು ಗರಗರ. ತಿರುಪು ತಿರುಗಿಸುವಾಗ ಹಾಡಿನ ಮೇಲೆ ಯಾರೋ ಮರಳು ಉಜ್ಜಿದ ಸದ್ದು. ನಾಲಿಗೆ ಸಾವಿರ ಸಲ ಓಡಾಡಿದ ದಾರಿಯಲ್ಲಿ ಕಾರ್ಬನ್ ಸವೆದು ಪುಡಿಯಾಗುತ್ತದೆ, ಆ ಪುಡಿ ಅಲ್ಲೇ ಕೂರುತ್ತದೆ. ಹೊರಗಿನ ದೂಳೂ ಬಂದು ಸೇರುತ್ತದೆ. ನಾಲಿಗೆಯ ಲೋಹದ ಮೇಲೆ ಕಿಲುಬು ಹತ್ತುತ್ತದೆ. ನಾಲಿಗೆ ಪಟ್ಟೆಯನ್ನು ಬಿಟ್ಟು ಬಿಟ್ಟು ಮುಟ್ಟಿದಾಗ ಹಾಡು ಕತ್ತರಿಸಿ ಕತ್ತರಿಸಿ ಬರುತ್ತದೆ, ಅದು ನಮಗೆ ಗರಗರ ಅಂತ ಕೇಳಿಸುತ್ತದೆ.

ಇಲ್ಲೊಂದು ವಿಷಯ ಅಂಗಡಿಯವರೇ ತೋರಿಸಿಕೊಟ್ಟರು. ಅವರ ಡಬ್ಬಿಯಲ್ಲಿದ್ದ, ಯಾರದೋ ರೇಡಿಯೋದಿಂದ ತೆಗೆದ ಒಂದು ಸತ್ತ ಕಂಟ್ರೋಲಿನ ಹೊಟ್ಟೆ ಬಿಚ್ಚಿದರು. ಪಟ್ಟೆಯ ಉದ್ದಕ್ಕೂ ಸವೆತ ಒಂದೇ ಸಮ ಇರಲಿಲ್ಲ. ಎರಡೂ ತುದಿ ಹೊಸದರಂತೆ ಕಪ್ಪಗೆ ಮಿರುಗುತ್ತಿತ್ತು. ಮೂರನೇ ಒಂದು ಭಾಗದ ಹತ್ತಿರ ಮಾತ್ರ, ಕಡಲೆಕಾಳಿನಷ್ಟು ಉದ್ದಕ್ಕೆ, ಎರಡು ಗೆರೆ ಕೊರೆದು ಕೆಳಗಿನ ಕಂದು ಹಾಳೆ ಇಣುಕುತ್ತಿತ್ತು. ಆ ಮನೆಯವರು ವರ್ಷಗಟ್ಟಲೆ ಹಾಡು ಕೇಳಿದ ಮಟ್ಟ ಅದು. ಜಾಹೀರಾತು ಬಂದಾಗ ಕೊಂಚ ಇಳಿಸಿ, ವಾರ್ತೆಗೆ ಕೊಂಚ ಏರಿಸಿ, ಅದೇ ಗೇಣು ಜಾಗದಲ್ಲಿ ನಾಲಿಗೆಯನ್ನು ಓಡಿಸಿದ್ದಾರೆ. ಸಾಮಾನ್ಯ ಕಾರ್ಬನ್ ಕಂಟ್ರೋಲುಗಳಿಗೆ ತಯಾರಕರು ಬರೆಯುವ ಆಯಸ್ಸು ಹೆಚ್ಚಾಗಿ 10,000ದಿಂದ 15,000 ಸುತ್ತು. ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂದರೆ ಒಂದು ಸುತ್ತು. ಮನೆಯಲ್ಲಿ ಯಾರೂ ಹಾಗೆ ತಿರುಗಿಸುವುದಿಲ್ಲ. ದಾರಿಯ ತೊಂಬತ್ತು ಭಾಗ ಖಾಲಿ ಬಿದ್ದಿರುತ್ತದೆ, ಹತ್ತು ಭಾಗ ಬಿ.ಹೆಚ್. ರಸ್ತೆಯ ಹಾಗೆ ಸವೆಯುತ್ತದೆ.

ಗರಗರಕ್ಕೆ ಮನೆಮದ್ದು ಮಾಡಲು ಹೋದವರ ಸಾಲಿನಲ್ಲಿ ನಮ್ಮಪ್ಪನೂ ಒಬ್ಬರು. ತೆಂಗಿನ ಸೀಮೆಯವರು ನಾವು. ಬಾಗಿಲ ಕೀಲಿಗೆ, ಸೈಕಲ್ ಚೈನಿಗೆ, ಹೊಲಿಗೆ ಮಿಷನ್ನಿಗೆ, ಮೊಣಕಾಲಿಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಅಪ್ಪ ಹಿಂದಿನ ಸೆಟ್ಟಿನ ಚಕ್ರದ ಸಂದಿಗೂ ಎರಡು ಹನಿ ಬಿಟ್ಟಿದ್ದರು. ಎರಡು ದಿನ ಸದ್ದಡಗಿತು, ಗೆದ್ದೆ ಅಂದುಕೊಂಡರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನ ಚಳಿಗೆ ಚಕ್ರ ತಿರುಗದೆ ನಿಂತಿತು. ಬಿಸಿಲೇರಿದ ಮೇಲೆ ತಿರುಗಿತು. ಎಣ್ಣೆ ಹಳತಾದಂತೆ ಜಿಗುಟಾಗಿ, ಜೇಬಿನ ನೂಲು, ನಶ್ಯದ ಪುಡಿ, ರಸ್ತೆಯ ದೂಳು ಎಲ್ಲವನ್ನೂ ಹಿಡಿದು ಒಳಗೆ ಕೆಸರು ಮಾಡಿತ್ತು. ಆ ಸೆಟ್ಟು ಉಳಿಯಲಿಲ್ಲ.

ಸರಿಯಾದ ಮದ್ದು ಕಾಂಟ್ಯಾಕ್ಟ್ ಕ್ಲೀನರ್, ಅಂದರೆ ಕರೆಂಟು ದಾಟುವ ಜಾಗದ ಕೊಳೆ ತೊಳೆಯುವ ಸ್ಪ್ರೇ. ಅದನ್ನೂ ಕೊಳಾಯಿ ಬಿಟ್ಟ ಹಾಗೆ ಬಿಡಬಾರದು. ಒಳ್ಳೆಯ ತಿರುಪನ್ನು ತಿರುಗಿಸುವಾಗ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಒಂದು ಹದವಾದ ಬಿಗಿ ಇರುತ್ತದಲ್ಲ, ಅದು ತಾನಾಗಿ ಬಂದದ್ದಲ್ಲ. ಶಾಫ್ಟಿನ, ಅಂದರೆ ತಿರುಪಿನ ನಡುಗಡ್ಡಿಯ, ಸುತ್ತ ಬೇಕೆಂದೇ ಹಾಕಿದ ದಪ್ಪ ಗ್ರೀಸಿನ ಕೊಡುಗೆ. ಕ್ಲೀನರ್ ಹೆಚ್ಚಾದರೆ ಪಟ್ಟೆಯ ಕೊಳೆಯ ಜೊತೆ ಈ ಗ್ರೀಸೂ ತೊಳೆದುಹೋಗುತ್ತದೆ. ಗರಗರ ನಿಂತಿತು, ತಿರುಪು ಮಾತ್ರ ಸಡಿಲಾಗಿ ಜೇಬಿನಲ್ಲಿ ತಾನೇ ತಿರುಗತೊಡಗಿತು ಅನ್ನುವವರ ಕತೆ ಇದೇ. ಸಣ್ಣ ನಳಿಕೆ ಸಿಕ್ಕಿಸಿ ಕಾಲುಗಳ ಕಡೆಯ ಸಂದಿಯಿಂದ ಒಂದೇ ಒಂದು ಚಿಮುಕು, ಆಮೇಲೆ ತುದಿಯಿಂದ ತುದಿಗೆ ಇಪ್ಪತ್ತು ಸಲ ತಿರುಗಿಸುವುದು, ಒಣಗುವವರೆಗೆ ಸೆಲ್ ಹಾಕದಿರುವುದು: ಅಂಗಡಿಯವರು ಮಾಡಿದ್ದು ಇಷ್ಟು. ಕಂಟ್ರೋಲ್ ಹೊಸದು ಹಾಕಿದರೂ ಗರಗರ ಬಂದರೆ ಸಾಮಾನ್ಯವಾಗಿ ತಪ್ಪು ತಿರುಪಿನದಲ್ಲ. ನೇರ ಕರೆಂಟನ್ನು ತಡೆಯಬೇಕಾದ ಹಿಂದಿನ ಕೆಪಾಸಿಟರ್ ಸೋರಿ, ಹಾಡಿನ ಜೊತೆ ಬ್ಯಾಟರಿಯ ನೇರ ಕರೆಂಟೂ ಪಟ್ಟೆಗೆ ಬರುತ್ತಿದೆ ಅಂತ ಅರ್ಥ. ಇದು ಗೊತ್ತಿಲ್ಲದೆ ಒಂದೇ ಸೆಟ್ಟಿಗೆ ಮೂರು ಕಂಟ್ರೋಲ್ ಬದಲಾಯಿಸಿದವರಿದ್ದಾರೆ.

ಇಯರ್‌ಫೋನಿನ ಪ್ಲೇಯರಿನಲ್ಲಿ ಇನ್ನೊಂದು ತೊಡಕಿದೆ. ಎಡಕ್ಕೊಂದು ಬಲಕ್ಕೊಂದು, ಎರಡು ಪಟ್ಟೆ, ಎರಡು ನಾಲಿಗೆ, ಎರಡಕ್ಕೂ ಒಂದೇ ಶಾಫ್ಟು. ಅಗ್ಗದ ಮಾಲಿನಲ್ಲಿ ಎರಡು ಪಟ್ಟೆ ಅಣ್ಣತಮ್ಮಂದಿರ ಹಾಗೆ; ಒಂದೇ ಮನೆಯವು, ಒಂದೇ ಎತ್ತರದವಲ್ಲ. ಜೋರಾಗಿ ಹಾಕಿದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ರಾತ್ರಿ ಹೊತ್ತು ಮೆಲ್ಲಗೆ ಕೇಳುವಾಗ, ಪಟ್ಟೆಯ ಬುಡದಲ್ಲಿ, ಹಾಡುವವರು ನಡುವಿನಿಂದ ಜರುಗಿ ಒಂದು ಕಿವಿಯ ಕಡೆಗೆ ವಾಲುತ್ತಾರೆ. 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ವಾಕ್‌ಮನ್, ಟಿಪಿಎಸ್-ಎಲ್2, ಎಡಕ್ಕೆ ಬಲಕ್ಕೆ ಬೇರೆ ಬೇರೆ ಜಾರು ಗುಂಡಿಗಳನ್ನು ಕೊಟ್ಟಿತ್ತು. ವಾಲಿದರೆ ನೀವೇ ಸರಿಮಾಡಿಕೊಳ್ಳಬಹುದು. ಜಾರು ಗುಂಡಿಗೆ ಅದರದ್ದೇ ಶಾಪವೂ ಉಂಟು: ಗುಂಡಿ ಓಡಾಡಲು ಉದ್ದಕ್ಕೆ ಸೀಳು ಬೇಕು, ಸೀಳು ಇದ್ದಲ್ಲಿ ದೂಳಿಗೆ ಹೆಬ್ಬಾಗಿಲು ತೆರೆದ ಹಾಗೆ.

ಸ್ಟೇಷನ್ ಹುಡುಕುವ ತಿರುಪಿಗೆ ಇಂಥ ರಗಳೆಗಳು ಕಡಿಮೆ. ಆಕಾಶವಾಣಿಯ 612 ಕಿಲೋಹರ್ಟ್ಸಿಗೆ ಮುಳ್ಳು ತರುವ ಹಳೆಯ ತಿರುಪಿನ ಹಿಂದೆ ಇರುವುದು ಗ್ಯಾಂಗ್ ಕಂಡೆನ್ಸರ್. ಅದರ ತಗಡುಗಳು ಒಂದರ ನಡುವೆ ಒಂದು ತೂರುತ್ತವೆಯೇ ಹೊರತು ಒಂದನ್ನೊಂದು ಮುಟ್ಟುವುದಿಲ್ಲ. ಮುಟ್ಟದ್ದು ಸವೆಯುವುದೂ ಇಲ್ಲ. ಅಲ್ಲಿ ಕೈಕೊಡುವುದು ಮುಳ್ಳನ್ನು ಎಳೆಯುವ ದಾರ.

ಈಗ ಬೇರಿನ ವಿಷಯ.

ಹಳೆಯ ಟೇಬಲ್ ರೇಡಿಯೋದಲ್ಲಿ ವಾಲ್ಯೂಮ್ ಕಂಟ್ರೋಲಿಗೆ ಸ್ಕ್ರೂವಿನ ಹಾಗೆ ಸುರುಳಿ ಗೆರೆ ಕೊರೆದ, ಹಿತ್ತಾಳೆಯದೋ ಕಬ್ಬಿಣದ್ದೋ ಕೊರಳಿತ್ತು. ಆ ಕೊರಳು ಚಾಸಿಯ, ಅಂದರೆ ತಗಡಿನ ಒಳಚೌಕಟ್ಟಿನ, ತೂತಿನಿಂದ ಹೊರಬಂದು, ನಟ್ಟಿನಿಂದ ಬಿಗಿದುಕೊಳ್ಳುತ್ತಿತ್ತು. ಕಾಲುಗಳಿಗೆ ಮೆತ್ತನೆಯ ವೈರು ಬೆಸೆದಿರುತ್ತಿತ್ತು. ಮಗು ತಿರುಪು ಹಿಡಿದು ಜೋತುಬಿದ್ದರೂ ಆ ಭಾರ ಶಾಫ್ಟಿನಿಂದ ಕೊರಳಿಗೆ, ಕೊರಳಿನಿಂದ ನಟ್ಟಿಗೆ, ನಟ್ಟಿನಿಂದ ಚಾಸಿಗೆ ಹೋಗಿ ಮುಗಿಯಿತು. ಬೆಸುಗೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಜೇಬಿನ ಪ್ಲೇಯರಿನಲ್ಲಿ ಕೊರಳೂ ಇಲ್ಲ, ನಟ್ಟೂ ಇಲ್ಲ. ದಪ್ಪ ಉಳಿಸಲು, ದುಡ್ಡು ಉಳಿಸಲು, ಕಂಟ್ರೋಲನ್ನು ನೇರವಾಗಿ ಬೋರ್ಡಿಗೆ ಬೆಸೆಯುತ್ತಾರೆ. ಚಕ್ರದ ಅಂಚು ಮಾತ್ರ ಡಬ್ಬಿಯ ಸೀಳಿನಿಂದ ಹೊರಗೆ ಇಣುಕುತ್ತದೆ. ಈಗ ಹೆಬ್ಬೆರಳಿನ ಬಲ ಎಲ್ಲಿಗೆ ಹೋಗಬೇಕು? ಚಕ್ರದಿಂದ ನಡುಗಡ್ಡಿಗೆ, ಅಲ್ಲಿಂದ ಕಾಲಿಗೆ, ಕಾಲಿನಿಂದ ಬೆಸುಗೆಗೆ, ಬೆಸುಗೆಯಿಂದ ಬೋರ್ಡಿನ ಮೇಲಿನ ತಾಮ್ರದ ಹಾಳೆಗೆ. ಆ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಸುಮಾರು ಮೂವತ್ತನೇ ಒಂದು ಭಾಗ. ಕರೆಂಟು ಸಾಗಿಸಲು ಹಾಕಿದ್ದನ್ನು ಭಾರ ಹೊರಲು ದುಡಿಸಿಕೊಳ್ಳುತ್ತಿದ್ದೇವೆ. ಬೆಸುಗೆ ಒಂದೇ ಪೆಟ್ಟಿಗೆ ಮುರಿಯುವುದು ಅಪರೂಪ. ದಿನಕ್ಕೆ ಹತ್ತಿಪ್ಪತ್ತು ಸಲ ಕೂದಲೆಳೆಯಷ್ಟು ಆಡಿ ಆಡಿ, ತಂತಿಯನ್ನು ಅತ್ತಿತ್ತ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ ದಣಿದು ಬಿರಿಯುತ್ತದೆ. ಅಪ್ಪನ ಪ್ಲೇಯರಿನಲ್ಲಿ ಕಂಡ ಕಪ್ಪು ಉಂಗುರ ಆ ದಣಿವಿನದು.

ಕೈಜಾರಿ ಬಿದ್ದಾಗಿನ ಲೆಕ್ಕವೇ ಬೇರೆ. ನೂರು ಗ್ರಾಂ ತೂಗುವ ಪ್ಲೇಯರ್ ಒಂದು ಮೀಟರ್ ಎತ್ತರದಿಂದ, ಅಂದರೆ ಅಂಗಿ ಜೇಬಿಗಿಂತ ಕೊಂಚ ಕೆಳಗಿನಿಂದ, ತಿರುಪಿನ ಮೇಲೆ ನೇರ ಬಿತ್ತು ಅನ್ನಿ. ಕಲ್ಲು ಹಾಸಿನ ನೆಲ, ಲೋಹದ ತಿರುಪು. ಅರ್ಧ ಮಿಲಿಮೀಟರಿನೊಳಗೆ ನಿಲ್ಲುತ್ತದೆ. 1000 ಮಿಲಿಮೀಟರಿನಲ್ಲಿ ಗಳಿಸಿದ ವೇಗವನ್ನು ಅರ್ಧ ಮಿಲಿಮೀಟರಿನಲ್ಲಿ ಕಳೆಯಬೇಕು. ಭಾಗಿಸಿ ನೋಡಿ: ತೂಕದ 2000 ಪಟ್ಟು ಬಲ. ನೂರು ಗ್ರಾಮಿಗೆ 200 ಕಿಲೋ. ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು, ನಾಲ್ಕು ಮೂಟೆ ಸಿಮೆಂಟು ಆ ಪುಟ್ಟ ಕಿವಿಯ ಮೇಲೆ ಕೂತೆದ್ದ ಹಾಗೆ. ತಿರುಪಿಗೆ ರಬ್ಬರಿನ ಅಂಚಿದ್ದು ಎರಡು ಮಿಲಿಮೀಟರ್ ಒಳಗೆ ಕುಗ್ಗಿದರೆ ಅದೇ ಬಲ ಒಂದು ಮೂಟೆಗೆ ಇಳಿಯುತ್ತದೆ. ತಿರುಪು ಹೊರಗೆ ಚಾಚಿದಷ್ಟೂ ಹಾರೆ ಉದ್ದವಾದ ಹಾಗೆ. ಓರೆಯಾಗಿ ಬಿದ್ದರೆ ಬುಡವನ್ನು ಮೀಟಿ ಎಬ್ಬಿಸುತ್ತದೆ.

ಆದ್ದರಿಂದ ಒಳ್ಳೆಯ ವಿನ್ಯಾಸಗಾರ ಮೊದಲು ಕೇಳಿಕೊಳ್ಳುವ ಪ್ರಶ್ನೆ ತಿರುಪು ಹೇಗೆ ಕಾಣಬೇಕು ಅನ್ನುವುದಲ್ಲ; ಪೆಟ್ಟು ಬಿದ್ದರೆ ಯಾರು ತಿನ್ನಬೇಕು ಅನ್ನುವುದು. ಉತ್ತರ ಯಾವತ್ತೂ ಡಬ್ಬಿಯೇ ಆಗಿರಬೇಕು. ಅದಕ್ಕೆ ದಾರಿಗಳಿವೆ. ತಿರುಪಿನ ಅಕ್ಕಪಕ್ಕ ಗದ್ದೆಯ ಬದುವಿನ ಹಾಗೆ ಡಬ್ಬಿಯನ್ನೇ ಉಬ್ಬಿಸುವುದು ಒಂದು. ಆಸ್ಟೆಲ್ ಅಂಡ್ ಕರ್ನ್‌ನ ಎಕೆ100 ಪ್ಲೇಯರಿನಲ್ಲಿ ವಾಲ್ಯೂಮ್ ತಿರುಪು ಬದಿಯಿಂದ ಬತ್ತಲಾಗಿ ಹೊರಗೆ ನಿಂತಿತ್ತು. ಆಮೇಲೆ ಬಂದ ಎಕೆ120ರಲ್ಲಿ ಅದರ ಎರಡೂ ಕಡೆ ಲೋಹದ ದಂಡೆ ಎದ್ದಿತು. ಕಂಟ್ರೋಲಿಗೆ ಕರೆಂಟಿನ ಕಾಲುಗಳಲ್ಲದೆ ಬರೀ ಹಿಡಿತಕ್ಕಾಗಿ ದಪ್ಪ ತಗಡಿನ ಕಾಲುಗಳನ್ನು ಕೊಡುವುದು ಇನ್ನೊಂದು. ಎಲ್ಲಕ್ಕಿಂತ ಗಟ್ಟಿಯಾದದ್ದು, ಶಾಫ್ಟು ಡಬ್ಬಿಯ ಗೋಡೆಯಲ್ಲೇ ಒಂದು ಬಳೆಯೊಳಗೆ ಕೂತು ತಿರುಗುವ ಹಾಗೆ ಮಾಡುವುದು.

ಈ ಕೊನೆಯ ಉಪಾಯ ತುಮಕೂರಿನವರಿಗೆ ಹೊಸದಲ್ಲ. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಇದ್ದ ಊರು ನಮ್ಮದು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು, ಕಾರ್ಖಾನೆಯ ಜಾಗ ಈಗ ಇಸ್ರೋದ್ದು. ಆದರೂ ಗಡಿಯಾರಕ್ಕೆ ಕೀ ಕೊಡುವ ಆ ಪುಟ್ಟ ತಿರುಪು ಎಷ್ಟೋ ಮನೆಗಳಲ್ಲಿ ಇನ್ನೂ ತಿರುಗುತ್ತಿದೆ. ಹಳೆಯ ಕೀ ವಾಚೊಂದನ್ನು ಕೈಗೆತ್ತಿಕೊಂಡು ನೋಡಿ. ತಿರುಪು ಕೇಸಿಗೆ ಅಂಟಿಕೊಂಡು ಕೂತಿರುತ್ತದೆ, ಬೆರಳಿಗೆ ಸಿಗುವಷ್ಟೇ ಹೊರಗೆ. ಪೆಟ್ಟು ಬಿದ್ದರೆ ತಿರುಪು ಹೋಗಿ ಕೇಸಿಗೆ ಒರಗುತ್ತದೆ, ಒಳಗಿನ ಯಂತ್ರಕ್ಕೆ ತಾಗುವುದಿಲ್ಲ. ದಿನಾ ಬೆಳಗ್ಗೆ ಕೀ ಕೊಟ್ಟು ಮೂವತ್ತು ವರ್ಷ ತಿರುಗಿಸಿದರೂ ಸವೆಯುವುದು ಹೆಚ್ಚಾಗಿ ಅಂಚಿನ ಹಲ್ಲು. ಸಮಯ ಸರಿಮಾಡಲು ಹೊರಗೆಳೆದು, ಒತ್ತುವುದನ್ನು ಮರೆತು, ಹಾಗೇ ಬೀಳಿಸಿಕೊಂಡರೆ ಕಡ್ಡಿ ಬಗ್ಗುತ್ತದೆ. ಆದರೆ ಆ ಕಡ್ಡಿಯನ್ನು ಎಳೆದು ಬೇರೆಯದು ಹಾಕಬಹುದು. ಇಷ್ಟು ದೊಡ್ಡ ಬುದ್ಧಿ ಅಷ್ಟು ಚಿಕ್ಕ ಜಾಗದಲ್ಲಿ ಹಿಡಿದಿತ್ತು ಅನ್ನುವಾಗ, ಅದರ ಹತ್ತರಷ್ಟು ಜಾಗ ಇರುವ ಪ್ಲೇಯರಿನಲ್ಲಿ ಯಾಕಿಲ್ಲ ಅಂತ ಸಿಟ್ಟು ಬರುತ್ತದೆ.

ಇತ್ತೀಚಿನ ಪ್ಲೇಯರುಗಳಲ್ಲಿ ತಿರುಪು ಹಾಡನ್ನು ಮುಟ್ಟುವುದೇ ಇಲ್ಲ. ತುದಿ ಇಲ್ಲದೆ ಸುತ್ತುತ್ತಲೇ ಇರುವ, ಟಿಕ್ ಟಿಕ್ ಅನ್ನುವ ತಿರುಪು ಸಿಕ್ಕರೆ ಅದು ಎನ್‌ಕೋಡರ್. ಒಳಗೆ ಎರಡು ಸಣ್ಣ ಸ್ವಿಚ್ಚು, ಒಂದು ಮುಂದೆ ಒಂದು ಹಿಂದೆ. ಗಾಡಿಯ ಹಿಂದೆ ಕರು ಕಟ್ಟಿಕೊಂಡು ಹೋಗುವುದನ್ನು ನೆನೆಸಿಕೊಳ್ಳಿ: ಗೇಟಿನಲ್ಲಿ ಕೂತವನಿಗೆ ಮೊದಲು ಗಾಡಿ ಕಂಡರೆ ಬಂಡಿ ಮುಂದಕ್ಕೆ ಹೋಗುತ್ತಿದೆ, ಮೊದಲು ಕರು ಕಂಡರೆ ಹಿಂದಕ್ಕೆ ಬರುತ್ತಿದೆ. ಯಾವ ಸ್ವಿಚ್ಚು ಮೊದಲು ಮುಚ್ಚಿತು ಅನ್ನುವುದರಿಂದ ಬೋರ್ಡಿನ ಮೇಲಿರುವ ಎಲೆಕ್ಟ್ರಾನಿಕ್ ಚಿಪ್ಪಿಗೆ ದಿಕ್ಕು ತಿಳಿಯುತ್ತದೆ, ಎಷ್ಟು ಸಲ ಅನ್ನುವುದರಿಂದ ಲೆಕ್ಕ ತಿಳಿಯುತ್ತದೆ. ಸೌಂಡನ್ನು ಏರಿಸಿ ಇಳಿಸುವುದು ಚಿಪ್ಪಿನ ಕೆಲಸ, ಹಾಗಾಗಿ ಎಡ ಬಲ ವಾಲುವುದಿಲ್ಲ, ಗರಗರವೂ ಇಲ್ಲ.

ಗರಗರ ಇಲ್ಲ ಅಂದಮಾತ್ರಕ್ಕೆ ಸವೆತ ಇಲ್ಲ ಅಂತಲ್ಲ. ಲೋಹದ ಸ್ವಿಚ್ಚುಗಳು ಮುಚ್ಚುವಾಗ ಒಂದೇ ಸಲಕ್ಕೆ ಮುಚ್ಚುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಹೊಸದರಲ್ಲಿ ಚಿಪ್ಪು ಈ ಪುಟಿತವನ್ನು ಕಡೆಗಣಿಸುತ್ತದೆ. ಕಿಲುಬು ಹತ್ತಿದ ಮೇಲೆ ಪುಟಿತ ಹೆಚ್ಚಾಗಿ, ಕರು ಮೊದಲೋ ಗಾಡಿ ಮೊದಲೋ ಗೊತ್ತಾಗದೆ, ಏರಿಸಲು ತಿರುಗಿಸಿದರೆ ಇಳಿಯುವುದು, ಎರಡು ಮೆಟ್ಟಿಲು ಹಾರುವುದು ಶುರು. ಕಾರಿನ ಸ್ಟೀರಿಯೋ ಹಾಗೆ ಆಡುವುದನ್ನು ಬಹಳ ಜನ ನೋಡಿರುತ್ತೀರಿ. ಕಾರ್ಬನ್ ಕಂಟ್ರೋಲ್ ಗೊಣಗಿಕೊಂಡು ವರ್ಷಗಟ್ಟಲೆ ದುಡಿಯುತ್ತದೆ. ಎನ್‌ಕೋಡರ್ ಸುಳ್ಳು ಹೇಳಲು ಶುರುಮಾಡುತ್ತದೆ. ನನಗೆ ಮೊದಲನೆಯದೇ ವಾಸಿ.

ಮುಟ್ಟುವ ಭಾಗವನ್ನೇ ತೆಗೆದುಹಾಕುವುದು ಇನ್ನೊಂದು ದಾರಿ. ಆ್ಯಪಲ್ 2001ರ ಅಕ್ಟೋಬರಿನಲ್ಲಿ ತೋರಿಸಿದ ಮೊದಲ ಐಪಾಡಿನಲ್ಲಿ ನಿಜವಾಗಿ ತಿರುಗುವ ಚಕ್ರವಿತ್ತು. ಮರುವರ್ಷದ ಮಾದರಿಯಲ್ಲಿ ಚಕ್ರ ತಿರುಗುವುದನ್ನೇ ಬಿಟ್ಟಿತು. ಬೆರಳು ಅದರ ಮೇಲೆ ಸುತ್ತಿದರೆ ಸಾಕು, ಕೆಳಗಿನ ತಂತಿಗಳು ಚರ್ಮದ ಇರವನ್ನು ಗ್ರಹಿಸುತ್ತಿದ್ದವು. ತಿರುಗದ್ದಕ್ಕೆ ದೂಳಿನ ಭಯವಿಲ್ಲ. ಆದರೆ ಜೇಬಿನೊಳಗೆ ಕೈಹಾಕಿ, ನೋಡದೆ, ಇಷ್ಟು ತಿರುಗಿಸಿದೆ ಅಂತ ಬೆರಳಿಗೇ ಗೊತ್ತಾಗುವ ಸುಖ ಅದರಲ್ಲಿ ಇಲ್ಲ. ಕೆಲವರು ಎರಡನ್ನೂ ಉಳಿಸಿಕೊಳ್ಳಲು ಶಾಫ್ಟಿನ ತುದಿಗೆ ಆಯಸ್ಕಾಂತ ಹಾಕಿ, ಅದರ ತಿರುಗುವಿಕೆಯನ್ನು ದೂರದಿಂದಲೇ ಅಳೆಯುವ ಸೆನ್ಸರ್ ಇಡುತ್ತಾರೆ. ಬೆಲೆ ಮಾತ್ರ ಜೇಬಿನದಲ್ಲ.

ಹೊರಗಿನ ತೊಡುಗೆಯ ಬಗ್ಗೆ ಎರಡು ಮಾತು. ಮುಟ್ಟಲು ಮಖಮಲ್ಲಿನ ಹಾಗಿರುವ ಮೆತ್ತನೆಯ ಲೇಪದ ತಿರುಪನ್ನು ಕಂಡು ಮೋಸಹೋಗಬೇಡಿ. ಬೆವರು, ತೇವ ಸೇರಿ ಕೆಲವೇ ವರ್ಷಗಳಲ್ಲಿ ಅದು ಹಲಸಿನ ಅಂಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಲೇಪ ಹೋಗಿ ಕೆಳಗಿನ ಬೋಳು ಪ್ಲಾಸ್ಟಿಕ್ ಬರುತ್ತದೆ, ಅದೇ ಚೆನ್ನ. ಬೆಳ್ಳಿಯಂತೆ ಹೊಳೆಯುವ ಪ್ಲಾಸ್ಟಿಕ್ ತಿರುಪಿನ ಮೆರುಗು ಸಿಪ್ಪೆಯಾಗಿ ಎದ್ದು ಬೆರಳು ಕೊಯ್ಯುತ್ತದೆ. ಶಾಫ್ಟಿಗೆ ಅದುಮಿ ಕೂರಿಸುವ ಪ್ಲಾಸ್ಟಿಕ್ ತಿರುಪು ಒಳಗಿನಿಂದ ಸದಾ ಹಿಗ್ಗಿಸಿಕೊಂಡೇ ಇರುವುದರಿಂದ ಒಂದು ದಿನ ಸೀಳುತ್ತದೆ; ಆಗ ತಿರುಪು ತಿರುಗುತ್ತದೆ, ಶಾಫ್ಟು ತಿರುಗುವುದಿಲ್ಲ. ಸೀಳಿದ ಕೊರಳಿಗೆ ದಾರ ಬಿಗಿದು ಸುತ್ತಿ ಒಂದು ಹನಿ ಅಂಟು ಬಿಟ್ಟರೆ ಇನ್ನೆರಡು ವರ್ಷ ನಡೆಯುತ್ತದೆ.

ಕೊಳ್ಳುವಾಗ ನಾನೀಗ ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ ಅಂಗಡಿಯವರಿಗೆ ಹಿಡಿಸುವುದಿಲ್ಲ. ತಿರುಪನ್ನು ತಿರುಗಿಸುವುದಿಲ್ಲ, ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸುತ್ತೇನೆ. ತಿರುಪೊಂದೇ ಆಡಿದರೆ ಭಾರ ಬೆಸುಗೆಯ ಮೇಲಿದೆ. ತಿರುಪಿನ ಜೊತೆ ಇಡೀ ಡಬ್ಬಿ ಕೈಗೆ ಬಂದರೆ ಡಬ್ಬಿ ಹೊತ್ತಿದೆ. ಆಮೇಲೆ ಮೇಜಿನ ಮೇಲೆ ಆ ಬದಿಗೆ ಒರಗಿಸಿ ಇಡುತ್ತೇನೆ: ಮೇಜನ್ನು ಮೊದಲು ಮುಟ್ಟಿದ್ದು ತಿರುಪೋ ಡಬ್ಬಿಯ ಅಂಚೋ? ಕೊನೆಗೆ ಇಯರ್‌ಫೋನ್ ಹಾಕಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಇಟ್ಟು, ಹಾಡು ನಡುವೆ ನಿಂತಿದೆಯೋ ವಾಲಿದೆಯೋ ನೋಡುತ್ತೇನೆ. ಡಬ್ಬದ ಮೇಲೆ ಬರೆದ ವಾಟ್ ಅಂಕಿ ಓದುವ ಗೋಜಿಗೆ ಹೋಗುವುದಿಲ್ಲ.

ಮಂಡಿಪೇಟೆಯ ಅಂಗಡಿಯವರು ಅಪ್ಪನ ಪ್ಲೇಯರಿಗೆ ಹೊಸ ಬೆಸುಗೆ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಸಿ.ಡಿ.ಯ ಡಬ್ಬಿಯಿಂದ ಉಗುರಿನಷ್ಟು ಎರಡು ಪ್ಲಾಸ್ಟಿಕ್ ಚೂರು ಕತ್ತರಿಸಿ, ಚಕ್ರದ ಬುಡಕ್ಕೂ ಡಬ್ಬಿಯ ಗೋಡೆಗೂ ನಡುವೆ ಆಪಿನ ಹಾಗೆ ಇಟ್ಟು ಅಂಟಿಸಿದರು. ಈಗ ಹೆಬ್ಬೆರಳು ಒತ್ತಿದರೆ ಚಕ್ರ ಬೋರ್ಡಿನ ಬದಲು ಗೋಡೆಗೆ ಒರಗುತ್ತದೆ. ಎಂಬತ್ತು ರೂಪಾಯಿ ತೆಗೆದುಕೊಂಡರು.

ಮನೆಗೆ ತಂದುಕೊಟ್ಟೆ. ಅಪ್ಪ ಚಕ್ರವನ್ನು ಟಿಕ್ ಅನ್ನಿಸಿ, ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ತಮ್ಮ ಮಾಮೂಲಿ ಜಾಗಕ್ಕೆ ತಂದು ನಿಲ್ಲಿಸಿದರು. "ಸ್ವಲ್ಪ ಬಿಗಿ ಆಗೈತಲ್ಲೋ" ಅಂದವರು ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆ ಬಾಟ್ಲಿಯ ಕಡೆ ಒಮ್ಮೆ ನೋಡಿದರು. ನಾನು ಬಾಟ್ಲಿಯನ್ನು ಎತ್ತಿ ಅಡುಗೆಮನೆಯ ಒಳಗಿನ ಶೆಲ್ಫಿಗೆ ಸೇರಿಸಿ ಬಂದೆ.